ಮೂಲ್ಕಿಯಿಂದ ತಿಲಕ್ ಮಾರ್ಗಕ್ಕೆ ಎಷ್ಟು ದೂರ?

ಉದ್ದ ಉಂಟು, ಪುರುಸೊತ್ತಾದಾಗ ಓದಿ. ಜಗಳ ಮಾಡುವುದಿದ್ದರೆ ಓದಿದ ಮೇಲೆ ಮಾಡಿ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಜಾತಿ ಕೇಳಬಾರದಂತೆ. ಮೊದಲು ಇದನ್ನು ಹೇಳುತ್ತಿದ್ದವರು ಮೆರಿಟ್ ಪಾರ್ಟಿಯವರು. ಈಗ ನಮ್ಮ ಜೊತೆ ಬ್ಯಾನರ್ ಹಿಡಿಯುವ ಪ್ರಗತಿಪರ ಗೆಳೆಯರೂ ಹೇಳುತ್ತಿದ್ದಾರೆ. "ಗವಾಯಿಯವರು ಸಿಜೆಐ ಆದರಲ್ಲ ಮಾರಾಯ್ರೆ, ಇನ್ನೆಂತ ಬೇಕು ನಿಮಗೆ?" ಅಂತ ಒಬ್ಬರು. "ಅದೊಂದು ಸಂಸ್ಥೆ ಮೇಲಾದರೂ ಜನರಿಗೆ ನಂಬಿಕೆ ಉಳಿಯಲಿ, ಅಲ್ಲಿಗೂ ಜಾತಿ ತರಬೇಡಿ" ಅಂತ ಇನ್ನೊಬ್ಬರು. ಜಾತಿಯನ್ನು ಅಲ್ಲಿಗೆ ತಂದವರು ನಾವಾ? 1950ರಲ್ಲಿ ಆ ಕೋರ್ಟು ಶುರುವಾಯ್ತು. ಮೊದಲ ದಲಿತ ನ್ಯಾಯಮೂರ್ತಿ, ತಮಿಳುನಾಡಿನ ಎ. ವರದರಾಜನ್, ಅಲ್ಲಿ ಕೂತದ್ದು 1980ರ ಡಿಸೆಂಬರಿನಲ್ಲಿ. ಮೂವತ್ತು ವರ್ಷ ನಮ್ಮವರು ಒಬ್ಬರೂ ಇಲ್ಲದ ಮನೆಯಲ್ಲಿ ಜಾತಿ ಇರಲಿಲ್ಲವಂತೆ. ನಾವು ಎಣಿಸಲು ಶುರು ಮಾಡಿದ ಮೇಲೆ ಬಂತಂತೆ.

ನಾನು ಲಾ ಓದಿದವನಲ್ಲ. ಆದರೆ ಬಜಪೆಯಲ್ಲಿ ಕೂತು ನೋಡಿದರೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. ಧರ್ಮ, ದೇವಸ್ಥಾನ, ಸಂವಿಧಾನದ ಬಗ್ಗೆ ಈ ದೇಶದ ಸುಪ್ರೀಂ ಕೋರ್ಟು ಕೊಟ್ಟ ಅತಿ ದೊಡ್ಡ ತೀರ್ಪುಗಳಲ್ಲಿ ಮೂರು ನಮ್ಮ ಸುತ್ತಮುತ್ತಲಿಂದಲೇ ಹೋದದ್ದು. ಕಾಸರಗೋಡೂ ಉಡುಪಿಯೂ ಸೇರಿದ್ದ ಹಳೆಯ ದಕ್ಷಿಣ ಕನ್ನಡದಿಂದ. ಒಂದು ಉಡುಪಿಯ ಶಿರೂರು ಮಠದ ಕೇಸು, 1954. ಇನ್ನೊಂದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು, 1957. ಮತ್ತೊಂದು ಚೆರ್ಕಳದ ಆಚೆಯ ಎಡನೀರು ಮಠದ್ದು, 1973. ದೇಶದ ಯಾವ ಲಾ ಕಾಲೇಜಿಗೆ ಹೋದರೂ ಈ ಮೂರು ಹೆಸರು ಕಲಿಯದೆ ಪಾಸಾಗಲಿಕ್ಕೆ ಆಗುವುದಿಲ್ಲ. ನಮ್ಮ ಊರಿನ ಹೆಮ್ಮೆ ಅಂತ ಬೇಕಾದರೆ ಹೇಳಿಕೊಳ್ಳಬಹುದು. ಆದರೆ ಅರ್ಜಿದಾರರ ಕಾಲಂ ಒಮ್ಮೆ ನೋಡಿ. ಮಠಾಧಿಪತಿ, ದೇವಸ್ಥಾನದ ಟ್ರಸ್ಟಿಗಳು, ಮಠಾಧಿಪತಿ.

ಮೂಲ್ಕಿಯ ಕೇಸನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ನಮ್ಮದೇ ಕೇಸು. ಬಜಪೆಯಿಂದ ಕಟೀಲು, ಕಿನ್ನಿಗೋಳಿ ದಾಟಿದರೆ ಮೂಲ್ಕಿ. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1947ರಲ್ಲಿ ಮದ್ರಾಸ್ ಸರ್ಕಾರ ದೇವಸ್ಥಾನ ಪ್ರವೇಶದ ಕಾಯ್ದೆ ಮಾಡಿತು. ಯಾರನ್ನು ಹೊರಗಿಟ್ಟಿದ್ದರೋ ಅವರೂ ಇನ್ನು ಒಳಗೆ ಹೋಗಬಹುದು ಅಂತ. 1949ರಲ್ಲಿ ಟ್ರಸ್ಟಿಗಳು ದಕ್ಷಿಣ ಕನ್ನಡದ ಸಬ್ ಜಡ್ಜ್ ಕೋರ್ಟಿನಲ್ಲಿ ದಾವೆ ಹಾಕಿದರು. ಇದು ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನ, ಈ ಕಾಯ್ದೆ ನಮಗೆ ತಾಗುವುದಿಲ್ಲ ಅನ್ನುವುದು ಅವರ ವಾದ. ಸಂವಿಧಾನ ಬಂದ ಮೇಲೆ 26(ಬಿ) ವಿಧಿಯನ್ನೂ ಸೇರಿಸಿಕೊಂಡರು, ನಮ್ಮ ಪಂಗಡದ ಧಾರ್ಮಿಕ ವ್ಯವಹಾರ ನಮಗೆ ಬಿಟ್ಟದ್ದು ಅಂತ. ಅತ್ತ ಕಡೆ 25(2)(ಬಿ), ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಹಿಂದೂಗಳ ಎಲ್ಲಾ ವರ್ಗಕ್ಕೆ ತೆರೆಯಲು ಸರ್ಕಾರ ಕಾನೂನು ಮಾಡಬಹುದು ಅನ್ನುವುದು. ಐದು ನ್ಯಾಯಮೂರ್ತಿಗಳ ಪೀಠ, ತೀರ್ಪು ಬರೆದವರು ವೆಂಕಟರಾಮ ಅಯ್ಯರ್.

ಅವರು ಹೇಳಿದ್ದು ಇಷ್ಟು. ಪಂಗಡದ ದೇವಸ್ಥಾನ ಹೌದು. ಗುಡಿಯೊಳಗೆ ಯಾರು ಬರಬೇಕು ಅನ್ನುವುದು ಧಾರ್ಮಿಕ ವಿಷಯವೂ ಹೌದು. ಆದರೂ 25(2)(ಬಿ) ಮೇಲುಗೈ, ಆದ್ದರಿಂದ ಎಲ್ಲರೂ ಒಳಗೆ ಹೋಗಬಹುದು. ಇಲ್ಲಿಯವರೆಗೆ ಒಳ್ಳೆಯದೇ. ನಂತರ ಒಂದು ಬಾಲ ಉಂಟು. ಕೆಲವು ವಿಶೇಷ ವಿಧಿಗಳ ಹೊತ್ತಿನಲ್ಲಿ ಆ ಪಂಗಡದವರು ಮಾತ್ರ ಇರಬಹುದು, ಉಳಿದವರನ್ನು ಹೊರಗಿಡಬಹುದು. ಮದ್ರಾಸ್ ಹೈಕೋರ್ಟು ಮಾಡಿಕೊಟ್ಟಿದ್ದ ಈ ಏರ್ಪಾಡನ್ನು ಸುಪ್ರೀಂ ಕೋರ್ಟು ಹಾಗೆಯೇ ಉಳಿಸಿತು. ಸಾರ್ವಜನಿಕರಿಗೆ ಬರೀ ಹೊಟ್ಟು ಉಳಿಯಬಾರದು, ಸಾಕಷ್ಟು ಹಕ್ಕು ಉಳಿಯಬೇಕು ಅಂತ ಒಂದು ಷರತ್ತು ಹಾಕಿತು. ಇದಕ್ಕೆ ಕಾನೂನಿನವರು ಸಾಮರಸ್ಯದ ವ್ಯಾಖ್ಯಾನ ಅನ್ನುತ್ತಾರೆ. ಸಾಮರಸ್ಯ ಅನ್ನುವ ಪದ ಕೇಳಿದಾಗೆಲ್ಲ ನನ್ನ ಕಿವಿ ನೆಟ್ಟಗಾಗುವುದು ಇದಕ್ಕೇ.

ನನ್ನ ತಕರಾರು ತೀರ್ಪಿನ ಫಲಿತಾಂಶದ ಮೇಲೆ ಅಲ್ಲ. ಬಾಗಿಲು ತೆರೆದದ್ದು ನಿಜ. ಅದನ್ನು ಯಾವ ದಾರಿಯಲ್ಲಿ ಯೋಚಿಸಿದರು ಅನ್ನುವುದು ನನ್ನ ಪ್ರಶ್ನೆ. ಅಸ್ಪೃಶ್ಯತೆಯನ್ನು ನಿರ್ಮೂಲ ಮಾಡಿದ 17ನೇ ವಿಧಿ ಆ ಹೊತ್ತಿಗೆ ಏಳು ವರ್ಷದಿಂದ ಜಾರಿಯಲ್ಲಿತ್ತು. ತೀರ್ಪು ನಿಂತದ್ದು ಅದರ ಮೇಲೆ ಅಲ್ಲ. ಆಗಮ ಏನು ಹೇಳುತ್ತದೆ, ಗರ್ಭಗುಡಿಗೆ ಯಾರು, ಹೊರ ಪ್ರಾಕಾರಕ್ಕೆ ಯಾರು ಅನ್ನುವುದನ್ನೆಲ್ಲ ನೋಡಿ, ಟ್ರಸ್ಟಿಗಳ ಹಕ್ಕು ಎಷ್ಟು, ಸರ್ಕಾರದ ಅಧಿಕಾರ ಎಷ್ಟು ಅಂತ ತೂಕ ಮಾಡಿದರು. ಒಂದು ಕಡೆ ಟ್ರಸ್ಟಿಗಳು, ಇನ್ನೊಂದು ಕಡೆ ಸರ್ಕಾರ. ಯಾರು ಹೊರಗೆ ನಿಂತಿದ್ದರೋ ಅವರು ಕೇಸಿನಲ್ಲಿ ಪಾರ್ಟಿಯೇ ಅಲ್ಲ. ಪೀಠದಲ್ಲಿಯೂ ಇಲ್ಲ. ತಲೆತಲಾಂತರ ಗೋಪುರದ ಹೊರಗೆ ನಿಂತ ಮನೆಯಿಂದ ಬಂದ ಒಬ್ಬ ಮನುಷ್ಯ ಆ ಐದು ಕುರ್ಚಿಗಳಲ್ಲಿ ಒಂದರಲ್ಲಿ ಕೂತಿದ್ದರೆ, "ಇದು ಪಂಗಡದ ಹಕ್ಕಿನ ವಿಷಯ ಅಲ್ಲ ಸ್ವಾಮಿ, ನನ್ನ ಅವ್ವನ ವಿಷಯ" ಅಂತ ಒಂದು ಪ್ಯಾರಾ ಬರೆಯುತ್ತಿರಲಿಲ್ಲವಾ?

ಇದು ಬರೀ ಊಹೆ ಅನ್ನುವವರಿಗೆ ಒಂದು ಉದಾಹರಣೆ. ಕೇಸು ಕರ್ನಾಟಕದ್ದೇ, ಅಪ್ಪ ಬಾಳು ಇಂಗಳೆ ಪ್ರಕರಣ. ಹೊಸದಾಗಿ ಕೊರೆದ ಬೋರ್‌ವೆಲ್ಲಿನಿಂದ ದಲಿತರು ನೀರು ತೆಗೆಯದಂತೆ ಬೆದರಿಸಿದ್ದಾರೆ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು. 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಇಬ್ಬರ ಪೀಠ. ಒಬ್ಬರು ಬರೆದ ತೀರ್ಪು ಕೇಸು ಮುಗಿಸಲು ಸಾಕಾಗಿತ್ತು. ಆದರೆ ಇನ್ನೊಬ್ಬರು, ಆಂಧ್ರದಿಂದ ಬಂದ ದಲಿತ ನ್ಯಾಯಮೂರ್ತಿ ಕೆ. ರಾಮಸ್ವಾಮಿ, ತಾವೂ ಪ್ರತ್ಯೇಕವಾಗಿ ಉದ್ದಕ್ಕೆ ಬರೆದರು. ಅಸ್ಪೃಶ್ಯತೆ ಅಂದರೆ ಏನು, ಅದು ಹೇಗೆ ಉಸಿರಾಡುತ್ತದೆ, 17ನೇ ವಿಧಿ ಯಾಕೆ ಬಂತು, ಇಂಥ ಕೇಸುಗಳಲ್ಲಿ ನ್ಯಾಯಾಧೀಶರು ಸಾಕ್ಷ್ಯವನ್ನು ಹೇಗೆ ನೋಡಬೇಕು, ಎಲ್ಲ. ಆದಿವಾಸಿ ಭೂಮಿಯನ್ನು ಖಾಸಗಿ ಗಣಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಹಾಗಿಲ್ಲ ಅಂದ 1997ರ ಸಮತಾ ತೀರ್ಪಿನ ಬಹುಮತದ ಅಭಿಪ್ರಾಯ ಬರೆದದ್ದೂ ಅವರೇ. ಕಾನೂನು ಪುಸ್ತಕ ಎಲ್ಲರಿಗೂ ಒಂದೇ. ಓದುವ ಕಣ್ಣು ಒಂದೇ ಅಲ್ಲ.

ಶಿರೂರು ಮಠದ್ದು ಬೇಗ ಹೇಳಿ ಮುಗಿಸುತ್ತೇನೆ. ಪರ್ಯಾಯದ ಖರ್ಚಿಗೆ ಮಠ ಸಾಲ ಮಾಡಿತ್ತು, ಎಂಡೋಮೆಂಟ್ ಇಲಾಖೆ ಕೈ ಹಾಕಿತು, ಸ್ವಾಮೀಜಿ ಕೋರ್ಟಿಗೆ ಹೋದರು. ಧರ್ಮದ ಅಗತ್ಯ ಭಾಗ ಯಾವುದು ಅನ್ನುವುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಅಂತ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ಇವತ್ತಿಗೂ ಯಾವ ಆಚರಣೆ ನಿಲ್ಲಿಸಲು ಹೋದರೂ ಈ ಮಾತು ಅಡ್ಡ ಬರುತ್ತದೆ. ಸಿದ್ಧಾಂತ ಬರೆದವರು ಯಾರು, ಬರೆಯಲಿಕ್ಕೆ ಬಿಡದವರು ಯಾರನ್ನು ಅನ್ನುವ ಪ್ರಶ್ನೆಯೇ ಅಲ್ಲಿ ಇಲ್ಲ.

ಕುಕ್ಕೆಯ ಮಡೆಸ್ನಾನ ನೆನಪು ಮಾಡಿಕೊಳ್ಳಿ. ಬ್ರಾಹ್ಮಣರು ಉಂಡ ಎಲೆಯ ಮೇಲೆ ಉರುಳುವುದು. 2012ರಲ್ಲಿ ಹೈಕೋರ್ಟು ಅದನ್ನು ಬದಲಾಯಿಸಿತು, ಯಾರೂ ಉಣ್ಣದ, ಪ್ರಸಾದ ಬಡಿಸಿದ ಎಲೆಯ ಮೇಲೆ ಉರುಳಿ ಅಂತ. ಅದೇ ಒಂದು ಅರೆಬರೆ. ಸುಪ್ರೀಂ ಕೋರ್ಟು ಆ ಆದೇಶಕ್ಕೂ ತಡೆ ಕೊಟ್ಟಿತು, ಹಳೆಯ ಮಡೆಸ್ನಾನ ನಡೆಯಿತು. 2014ರಲ್ಲಿ ಹೈಕೋರ್ಟು ಮಡೆಸ್ನಾನಕ್ಕೆ ಅವಕಾಶ ಕೊಟ್ಟಾಗ ಅದೇ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಎರಡು ವರ್ಷದಲ್ಲಿ ಸಂವಿಧಾನ ಬದಲಾಗಲಿಲ್ಲ, ಚಂಪಾ ಷಷ್ಠಿಯೂ ಬದಲಾಗಲಿಲ್ಲ. ಪೀಠದಲ್ಲಿ ಕೂತವರು ಬದಲಾದರು. ಹಾಗಾದರೆ ಯಾರು ಕೂರುತ್ತಾರೆ ಅನ್ನುವುದು ಮುಖ್ಯ ಅಂತ ನಾನು ಹೇಳಿದರೆ ಅದು ಹೇಗೆ ಜಾತಿವಾದ ಆಗುತ್ತದೆ?

ಎಡನೀರು ಕೇಸಿನ ಬಗ್ಗೆ ನಮ್ಮವರಲ್ಲಿ ಭಕ್ತಿ ಜಾಸ್ತಿ. ಕೇಶವಾನಂದ ಭಾರತಿ, ಹದಿಮೂರು ನ್ಯಾಯಮೂರ್ತಿಗಳು, 68 ದಿನ ವಾದ, 7-6ರ ಬಹುಮತ, ಸಂವಿಧಾನದ ಮೂಲ ಸಂರಚನೆಯನ್ನು ಯಾವ ಸಂಸತ್ತೂ ಮುಟ್ಟುವ ಹಾಗಿಲ್ಲ. ಸಂವಿಧಾನ ಬದಲಾಯಿಸುತ್ತೇವೆ ಅಂತ ಕೂಗುವವರ ಎದುರು ಇವತ್ತು ನಮ್ಮ ಕೈಯಲ್ಲಿರುವ ದೊಡ್ಡ ಗುರಾಣಿ ಅದು. ಒಪ್ಪಿದೆ, ಒಮ್ಮೆ ಅಲ್ಲ ಹತ್ತು ಸಲ. ಆದರೆ ಸ್ವಾಮೀಜಿ ದೆಹಲಿಗೆ ಹೋದದ್ದು ಸಂವಿಧಾನ ಉಳಿಸಲಿಕ್ಕಲ್ಲ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಉಳಿಸಲಿಕ್ಕೆ. ಉಳುವವನಿಗೆ ಭೂಮಿ ಕೊಡುವ ಕಾನೂನಿನ ವಿರುದ್ಧ ಹೋದ ಅರ್ಜಿ ಅದು. ಅದರ ಹೊಟ್ಟೆಯಲ್ಲಿ ನಮ್ಮ ಗುರಾಣಿ ಹುಟ್ಟಿತು, ಇತಿಹಾಸದ ತಮಾಷೆ. ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರು ಆ ಬಹುಮತದಲ್ಲಿದ್ದರು. ಮರುದಿನಗಳಲ್ಲೇ ಇಂದಿರಾ ಸರ್ಕಾರ ಅವರನ್ನೂ ಇನ್ನಿಬ್ಬರನ್ನೂ ದಾಟಿ ಕೆಳಗಿನವರನ್ನು ಸಿಜೆಐ ಮಾಡಿತು, ಮೂವರೂ ರಾಜೀನಾಮೆ ಬಿಸಾಡಿದರು. ಇದನ್ನು ಯಾಕೆ ಹೇಳಿದೆ ಅಂದರೆ, ನ್ಯಾಯಮೂರ್ತಿಗಳ ನೇಮಕ ಸರ್ಕಾರದ ಕಿಸೆಗೆ ಹೋಗಲಿ ಅಂತ ನಾನು ಹೇಳುತ್ತಿಲ್ಲ. ಆ ಕಥೆ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತುಂಟು.

ಈಗ ಮೀಸಲಾತಿಗೆ ಬನ್ನಿ. 1951ರ ಚಂಪಕಂ ದೊರೈರಾಜನ್ ತೀರ್ಪು ಮದ್ರಾಸಿನ ಕಮ್ಯುನಲ್ ಜಿಓವನ್ನು ರದ್ದು ಮಾಡಿತು. ಆಗ ನಮಗೂ ಅದೇ ಜಿಓ. ಹದಿನಾಲ್ಕು ಸೀಟಿನಲ್ಲಿ ಎರಡು ಪರಿಶಿಷ್ಟರಿಗೆ ಇತ್ತು. ಕೋರ್ಟಿಗೆ ಹೋದ ಅರ್ಜಿದಾರರು ಮೆಡಿಕಲ್ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಆದರೂ ಕೇಸು ನಿಂತಿತು, ಗೆದ್ದಿತು. ಸಂಸತ್ತು ಮೊದಲ ತಿದ್ದುಪಡಿ ಮಾಡಿ 15(4) ಸೇರಿಸಬೇಕಾಯಿತು. ಆಮೇಲೆ 1962, ಬಾಲಾಜಿ ಕೇಸು, ಇದು ಮೈಸೂರು ರಾಜ್ಯದ್ದು. ಸರ್ಕಾರ 68 ಶೇಕಡಾ ಮೀಸಲಿಟ್ಟಿತ್ತು, ಕೋರ್ಟು ಹೊಡೆದು ಹಾಕಿ ಸಾಮಾನ್ಯವಾಗಿ ಐವತ್ತರ ಒಳಗೆ ಇರಬೇಕು ಅಂತು. ಸಂವಿಧಾನದ ಯಾವ ಪುಟದಲ್ಲೂ ಇಲ್ಲದ ಈ ಐವತ್ತು ಅನ್ನುವ ಅಂಕಿ ಹುಟ್ಟಿದ್ದು ಹೀಗೆ, ನಮ್ಮ ರಾಜ್ಯದ ಬೆನ್ನ ಮೇಲೆ. ಅರವತ್ತು ವರ್ಷ ಅದನ್ನು ಲಕ್ಷ್ಮಣ ರೇಖೆ ಅಂದರು. 2022ರ ನವೆಂಬರಿನಲ್ಲಿ ಮೇಲ್ಜಾತಿ ಬಡವರ ಹತ್ತು ಶೇಕಡಾ ಬಂದಾಗ ಅದೇ ಕೋರ್ಟು 3-2ರಲ್ಲಿ, ಆ ಮಿತಿ ಅಷ್ಟೇನೂ ಗಟ್ಟಿ ಅಲ್ಲ ಅಂತು. ಆ ಹತ್ತರಲ್ಲಿ ದಲಿತ ಬಡವ, ಆದಿವಾಸಿ ಬಡವ, ಒಬಿಸಿ ಬಡವ ಸೇರುವ ಹಾಗಿಲ್ಲ ಅನ್ನುವುದನ್ನೂ ಒಪ್ಪಿತು. ಕರ್ನಾಟಕ ನಮಗೆ 15ನ್ನು 17, ಎಸ್‌ಟಿಗೆ 3ನ್ನು 7 ಮಾಡಿ ಒಟ್ಟು 56 ಅಂದ ಕೂಡಲೇ ಆ ಐವತ್ತರ ಗೋಡೆ ಮತ್ತೆ ಕಾಂಕ್ರೀಟ್ ಆಗುತ್ತದೆ. ಬೇರೆಯವರಿಗೆ ರಬ್ಬರು.

ನನಗೆ ಇದಕ್ಕಿಂತ ಹೊಟ್ಟೆ ಉರಿಯುವುದು ಪಿಟಿಸಿಎಲ್ ವಿಷಯದಲ್ಲಿ. 1978ರ ಕಾಯ್ದೆ. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಬಲಿತವರು ಪುಡಿಗಾಸಿಗೆ ಬರೆಸಿಕೊಂಡರೆ ಆ ಕ್ರಯವೇ ಅಸಿಂಧು, ಭೂಮಿ ವಾಪಸ್. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಈ ಕಾಯ್ದೆಯನ್ನು ಎತ್ತಿಹಿಡಿದಿತ್ತು. ಕಾಯ್ದೆಯಲ್ಲಿ ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಎಲ್ಲೂ ಇಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೆಲವೇ ಪುಟಗಳಲ್ಲಿ, ಸಮಂಜಸ ಅವಧಿಯಲ್ಲಿ ಬರಬೇಕಿತ್ತು, ಇಷ್ಟು ವರ್ಷ ಆದ ಮೇಲೆ ಬಂದರೆ ಆಗುವುದಿಲ್ಲ ಅಂದರು. ಮುಗಿಯಿತು. ಎಸಿ ಕೋರ್ಟು, ಡಿಸಿ ಕೋರ್ಟು, ಹೈಕೋರ್ಟು, ಎಲ್ಲ ಕಡೆ ನಮ್ಮ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಅಕ್ಷರ ಗೊತ್ತಿಲ್ಲದ ಮುದುಕಿಗೆ, ಜಮೀನು ಹೋದದ್ದು ಗೊತ್ತು, ಕಾಯ್ದೆ ಇದೆ ಅಂತ ಗೊತ್ತಿಲ್ಲದವಳಿಗೆ, ಆ ಜಮೀನುದಾರನ ತೋಟದಲ್ಲೇ ಕೂಲಿಗೆ ಹೋಗುವವಳಿಗೆ, "ತಡವಾಗಿ ಬಂದೆ" ಅನ್ನುತ್ತಾರೆ. ಸಮಂಜಸ ಅವಧಿ ಯಾರ ಗಡಿಯಾರದಲ್ಲಿ? ಬೆಂಗಳೂರಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಈ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ ಬರೆಯಬೇಕಾಯಿತು. ಅದಾದ ಮೇಲೂ ವಿಳಂಬ ಅನ್ನುವ ಮಾತು ಆದೇಶಗಳಲ್ಲಿ ಬರುತ್ತಲೇ ಉಂಟು. ಇಲ್ಲಿ ನಮ್ಮ ಜಿಲ್ಲೆಯಲ್ಲಿ ಡಿ.ಸಿ. ಮನ್ನಾ ಜಮೀನಿಗೆ ಅಲೆಯುವವರಿಗೆ ಈ ಗಡಿಯಾರದ ಸಂಗತಿ ಬೇರೆ ಹೇಳಬೇಕಾಗಿಲ್ಲ.

2018ರ ಮಾರ್ಚ್ 20 ಮರೆತಿಲ್ಲ ತಾನೆ? ದೌರ್ಜನ್ಯ ತಡೆ ಕಾಯ್ದೆ ದುರುಪಯೋಗ ಆಗುತ್ತಿದೆ ಅಂತ ಹೇಳಿ, ಎಫ್‌ಐಆರ್‌ಗೆ ಮೊದಲು ವಿಚಾರಣೆ, ಬಂಧನಕ್ಕೆ ಮೊದಲು ಅನುಮತಿ ಅಂತ ಇಬ್ಬರ ಪೀಠ ಬರೆಯಿತು. ಏಪ್ರಿಲ್ 2ರ ಭಾರತ್ ಬಂದ್‌ನಲ್ಲಿ ನಮ್ಮ ಹುಡುಗರು ಜೀವ ಕೊಟ್ಟರು. ಸಂಸತ್ತು ಕಾಯ್ದೆ ತಿದ್ದಿತು, ಮರುವರ್ಷ ಕೋರ್ಟೇ ತನ್ನ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ತೀರ್ಪು ಬಂದ ದಿನ ಇಡೀ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ದಲಿತ ನ್ಯಾಯಮೂರ್ತಿಯೂ ಇರಲಿಲ್ಲ. ಇದು ಬೈಗುಳ ಅಲ್ಲ, ಲೆಕ್ಕ. ಕೆ.ಜಿ. ಬಾಲಕೃಷ್ಣನ್ 2010ರ ಮೇಯಲ್ಲಿ ನಿವೃತ್ತರಾದರು, ಬಿ.ಆರ್. ಗವಾಯಿ ಬಂದದ್ದು 2019ರ ಮೇಯಲ್ಲಿ. ನಡುವೆ ಒಂಬತ್ತು ವರ್ಷ ಖಾಲಿ. ಇಡೀ ದೇಶದಲ್ಲಿ ಒಬ್ಬರೂ ಸಿಗಲಿಲ್ಲವಂತೆ.

ಸಿಗುವುದು ಹೇಗೆ? ಹುಡುಕುವವರು ಯಾರು ಅಂತ ನೋಡಿ. 1993 ಮತ್ತು 1998ರ ತೀರ್ಪುಗಳ ಮೂಲಕ ನ್ಯಾಯಮೂರ್ತಿಗಳೇ ಆ ಅಧಿಕಾರ ತಮ್ಮ ಕೈಗೆ ತೆಗೆದುಕೊಂಡರು. ಸಿಜೆಐ ಮತ್ತು ನಾಲ್ವರು ಹಿರಿಯರು ಕೋಣೆಯೊಳಗೆ ಕೂತು ಹೆಸರು ಹೇಳುತ್ತಾರೆ. ಸುಪ್ರೀಂ ಕೋರ್ಟಿಗೆ ಹೋಗುವವರು ಹೆಚ್ಚಾಗಿ ಹೈಕೋರ್ಟಿನಿಂದಲೇ, ಹಾಗಾಗಿ ಹೈಕೋರ್ಟಿನ ಬಾಗಿಲೇ ಮೊದಲ ಜರಡಿ. 2018ರಿಂದ ನೇಮಕವಾದ 715 ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ಎಸ್‌ಸಿ 22, ಎಸ್‌ಟಿ 16, ಒಬಿಸಿ 89 ಅಂತ ಕಾನೂನು ಮಂತ್ರಿ 2025ರ ಮಾರ್ಚಿನಲ್ಲಿ ರಾಜ್ಯಸಭೆಗೆ ಹೇಳಿದರು. ನೂರಕ್ಕೆ ಮೂರು ದಲಿತರು. ನಮ್ಮ ಕರಾವಳಿಯಿಂದ ಸುಪ್ರೀಂ ಕೋರ್ಟಿಗೆ ಕೆ.ಎಸ್. ಹೆಗ್ಡೆ ಹೋದರು, ಅವರ ಮಗ ಸಂತೋಷ್ ಹೆಗ್ಡೆ ಹೋದರು, ಬೆಳುವಾಯಿಯ ಅಬ್ದುಲ್ ನಜೀರ್ ಹೋದರು. ನಜೀರ್ ಸಾಹೇಬರು ಮೂಡಬಿದ್ರೆ, ಮಂಗಳೂರಿನಲ್ಲೇ ಓದಿದವರು, ನಿವೃತ್ತರಾಗಿ ಎರಡು ತಿಂಗಳೊಳಗೆ ಆಂಧ್ರದ ರಾಜ್ಯಪಾಲರೂ ಆದರು. ಅದು ಬೇರೆ ಚರ್ಚೆ. ಕರ್ನಾಟಕ ಹೈಕೋರ್ಟಿನ ವಕೀಲಿಕೆಯಿಂದ ಮೇಲೆ ಬಂದು ದೆಹಲಿಗೆ ಹೋದ ದಲಿತ ಒಬ್ಬರೂ ಇಲ್ಲ. ನಿಪ್ಪಾಣಿಯಲ್ಲಿ ಹುಟ್ಟಿದ ಪಿ.ಬಿ. ವರಾಳೆಯವರು ಇಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದು 2024ರ ಜನವರಿಯಲ್ಲಿ ಹೋದರು, ಆದರೆ ಅವರು ಬಂದದ್ದು ಬಾಂಬೆ ಹೈಕೋರ್ಟಿನಿಂದ.

ದೊಡ್ಡ ಸೀನಿಯರ್ ಆಫೀಸಿನಲ್ಲಿ ಐದು ವರ್ಷ ಹೆಚ್ಚುಕಡಿಮೆ ಸಂಬಳವಿಲ್ಲದೆ ದುಡಿಯಬಲ್ಲವನು ವಕೀಲನಾಗಿ ಬೆಳೆಯುತ್ತಾನೆ. ಅಪ್ಪನ ಲೈಬ್ರರಿ, ಮಾವನ ಕಕ್ಷಿದಾರರು, ಕ್ಲಬ್ಬಿನ ಪರಿಚಯ. ಕಾಲನಿಯಿಂದ ಬಂದ ಹುಡುಗಿ ಅದೇ ಐದು ವರ್ಷದಲ್ಲಿ ಮನೆಯ ಸಾಲ ತೀರಿಸಬೇಕು. ಆಮೇಲೆ ಮೆರಿಟ್ ಅನ್ನುತ್ತಾರೆ.

ಬಾಬಾಸಾಹೇಬರು ಇದನ್ನು ಮೊದಲೇ ಕಂಡಿದ್ದರು. ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಕಡ್ಡಾಯ ಆಗಬೇಕು ಅಂತ ಸಂವಿಧಾನ ಸಭೆಯಲ್ಲಿ ಕೆಲವರು ಹೇಳಿದಾಗ 1949ರ ಮೇ 24ರಂದು ಅವರು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ನಮ್ಮ ನಿಮ್ಮ ಹಾಗೆ ದೌರ್ಬಲ್ಯ, ಪೂರ್ವಗ್ರಹ ಇರುವ ಮನುಷ್ಯ, ಅವರಿಗೆ ವೀಟೋ ಕೊಡುವುದು ಅಪಾಯ ಅನ್ನುವ ಅರ್ಥದಲ್ಲಿ ಹೇಳಿದರು. ರಾಷ್ಟ್ರಪತಿಯಾಗಿದ್ದಾಗ ಕೆ.ಆರ್. ನಾರಾಯಣನ್ ನೇಮಕದ ಫೈಲಿನ ಮೇಲೆಯೇ, ಪರಿಶಿಷ್ಟರ ಹೆಸರನ್ನೂ ಪರಿಗಣಿಸಿ ಅಂತ ಬರೆದರು. ಮೆರಿಟ್ ಹಾಳಾಗುತ್ತದೆ ಅಂತ ಎಷ್ಟು ಗಲಾಟೆ ಆಯಿತು ಆಗ! ಎನ್‌ಜೆಎಸಿ ಕಾನೂನಿನಲ್ಲಿ ಇಬ್ಬರು ಗಣ್ಯರಲ್ಲಿ ಒಬ್ಬರು ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತ ಅಥವಾ ಮಹಿಳೆ ಇರಬೇಕು ಅಂತ ಇತ್ತು. 2015ರಲ್ಲಿ ಅದು 4-1ರಲ್ಲಿ ರದ್ದಾಯಿತು. ಕಾನೂನು ಮಂತ್ರಿಯನ್ನು ಒಳಗೆ ಕೂರಿಸಿದ್ದಕ್ಕೆ ನನ್ನದೂ ವಿರೋಧವೇ. ಆದರೆ ಮಂತ್ರಿಯನ್ನು ಹೊರಗೆ ಹಾಕುವಾಗ ನಮಗಿಟ್ಟಿದ್ದ ಆ ಒಂದು ಕುರ್ಚಿಯೂ ಹೊರಗೆ ಬಿತ್ತು, ಅದನ್ನು ಕೇಳಿದವರು ಕಡಿಮೆ.

ಇನ್ನು ಗವಾಯಿಯವರ ಮಾತು. ಪರಿಶಿಷ್ಟರಿಗೂ ಕೆನೆಪದರ ಬೇಕು ಅಂತ ಅವರು 2024ರ ಆಗಸ್ಟ್ 1ರ ಒಳಮೀಸಲಾತಿ ತೀರ್ಪಿನಲ್ಲಿ ಬರೆದರು. ಒಳಮೀಸಲಾತಿಯನ್ನು ನಾನು ಒಪ್ಪುತ್ತೇನೆ, ಕೆನೆಪದರವನ್ನು ಖಂಡಿತಾ ಒಪ್ಪುವುದಿಲ್ಲ. "ನೋಡಿ, ನಿಮ್ಮವರೇ ಹಾಗೆ ಬರೆದರು, ಹಾಗಾದರೆ ಪ್ರಾತಿನಿಧ್ಯ ಯಾಕೆ?" ಅಂತ ಕೇಳುವವರಿಗೆ ನನ್ನ ಉತ್ತರ ಸರಳ. ಮೇಲ್ಜಾತಿ ನ್ಯಾಯಮೂರ್ತಿಗಳು ಎಪ್ಪತ್ತೈದು ವರ್ಷ ಒಬ್ಬರಿಗೊಬ್ಬರು ಭಿನ್ನಾಭಿಪ್ರಾಯ ಬರೆದರು, ಯಾರೂ ಅವರ ಜಾತಿಯ ಕೋಟಾ ಮುಗಿಯಿತು ಅನ್ನಲಿಲ್ಲ. ನಮಗೂ ಜಗಳ ಆಡುವಷ್ಟು ಜನ ಅಲ್ಲಿ ಬೇಕು. ಒಬ್ಬರೇ ಇದ್ದರೆ ಅವರು ಹೇಳಿದ್ದೆಲ್ಲ ಇಡೀ ಸಮುದಾಯದ ಮಾತಾಗುತ್ತದೆ, ಅದು ಅವರಿಗೂ ಹಿಂಸೆ, ನಮಗೂ ಹಿಂಸೆ. ಮತ್ತೆ, 2025ರ ಅಕ್ಟೋಬರ್ 6ರಂದು ದೇಶದ ಮುಖ್ಯ ನ್ಯಾಯಮೂರ್ತಿಯ ಕೋರ್ಟಿನಲ್ಲೇ ಒಬ್ಬ ವಕೀಲ ಸನಾತನದ ಹೆಸರು ಹೇಳಿ ಅವರ ಕಡೆ ಶೂ ಎಸೆಯಲು ಹೋದನಲ್ಲ, ಆ ದಿನ "ಕೋರ್ಟಿಗೆ ಜಾತಿ ತರಬೇಡಿ" ಅನ್ನುವವರು ಎಲ್ಲಿದ್ದರು?

ಬೇಕಾದದ್ದು ಏನು ಅಂತ ಕೇಳುತ್ತೀರಿ. ಕೊಲಿಜಿಯಂ ಪರಿಗಣಿಸಿದ ಹೆಸರುಗಳಲ್ಲಿ ಯಾವ ಸಮುದಾಯದವರು ಎಷ್ಟು, ಯಾಕೆ ಬಿಟ್ಟರು ಅನ್ನುವುದು ಹೊರಗೆ ಬರಲಿ. ಹೈಕೋರ್ಟ್ ನೇಮಕದಲ್ಲೇ ಪ್ರಾತಿನಿಧ್ಯ ಕಡ್ಡಾಯವಾಗಲಿ. ನಿವೃತ್ತಿಯಾದ ಕೂಡಲೇ ಸರ್ಕಾರಿ ಹುದ್ದೆ ಸಿಗುವುದು ನಿಲ್ಲಲಿ. ಸುಪ್ರೀಂ ಕೋರ್ಟು ದೆಹಲಿ ಬಿಟ್ಟು ಬೇರೆ ಕಡೆಯೂ ಕೂರಬಹುದು ಅಂತ ಸಂವಿಧಾನದ 130ನೇ ವಿಧಿಯೇ ಹೇಳುತ್ತದೆ, ದಕ್ಷಿಣಕ್ಕೆ ಒಂದು ಪೀಠ ಬೇಕು ಅಂತ 2009ರಲ್ಲಿ ಕಾನೂನು ಆಯೋಗವೂ ಹೇಳಿತು. ನಮ್ಮ ತಲೆ ಮೇಲಿಂದ ದಿನಾ ವಿಮಾನ ಹಾರುತ್ತದೆ ಸಂಗಾತಿಗಳೇ, ಕೆಂಜಾರಿನ ರನ್‌ವೇ ನಮ್ಮ ಮನೆ ಬಾಗಿಲಲ್ಲಿ. ಮಠಗಳಿಗೆ, ಟ್ರಸ್ಟಿಗಳಿಗೆ, ಕಂಪನಿಗಳಿಗೆ ದೆಹಲಿ ಯಾವತ್ತೂ ಹತ್ತಿರವೇ ಇತ್ತು. ಕೊರಗರ ಅಜಲು ಪದ್ಧತಿ, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವಂಥದ್ದು, ಅದನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 2000ದಲ್ಲಿ. 17ನೇ ವಿಧಿ ಬಂದು ಐವತ್ತು ವರ್ಷದ ಮೇಲೆ. ಬಾಬಾಸಾಹೇಬರು ಸಂವಿಧಾನದ ಆತ್ಮ ಅಂದ 32ನೇ ವಿಧಿ ಅಷ್ಟೂ ಕಾಲ ತೆರೆದೇ ಇತ್ತು. ಈ ಜಿಲ್ಲೆಯ ದೊಡ್ಡ ತೀರ್ಪುಗಳ ಸಾಲಿನಲ್ಲಿ ಶಿರೂರು ಉಂಟು, ಮೂಲ್ಕಿ ಉಂಟು, ಎಡನೀರು ಉಂಟು. ಕೊರಗರ ಹೆಸರಿನ ಒಂದು ಕೇಸು ಇಲ್ಲ.

ಪಿಟಿಸಿಎಲ್ ಅಥವಾ ಡಿ.ಸಿ. ಮನ್ನಾ ಅರ್ಜಿ "ವಿಳಂಬ" ಅಂತ ವಜಾ ಆಗಿರುವವರು ಆದೇಶದ ಕಾಪಿ ಇಟ್ಟುಕೊಂಡು ನನಗೆ ಮೆಸೇಜ್ ಮಾಡಿ. ಬಜಪೆ, ಕೈಕಂಬ, ಮೂಲ್ಕಿ, ಮೂಡಬಿದ್ರೆ ಕಡೆಯದ್ದು ಒಟ್ಟು ಮಾಡುತ್ತಿದ್ದೇವೆ. ಫೋಟೋ ಕಳಿಸುವಾಗ ಕೊನೆಯ ಪುಟ ಬಿಡಬೇಡಿ, ಯಾರು ಸಹಿ ಹಾಕಿದ್ದಾರೆ ಅಂತ ಅಲ್ಲೇ ಇರುವುದು.

ಜೈಭೀಮ್.